ಆಕಾಶಯಾನದಲ್ಲಿ ಮೇಲುದರ್ಜೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು—ಈ ನಾಲ್ಕು ತಾಲ್ಲೂಕುಗಳ ಗೃಹಸ್ಥರಿಗೆ ದೂರಪ್ರಯಾಣವೆಂದರೆ ಬಹುಕಾಲ ಕಾಶೀಯಾತ್ರೆಯೇ ಆಗಿತ್ತು. ಬುತ್ತಿಯನ್ನು ಕಟ್ಟಿಕೊಂಡು, ಹಾಸಿಗೆಯನ್ನು ಸುತ್ತಿಕೊಂಡು, ರೈಲುಗಾಡಿಯಲ್ಲಿ ಹಗಲಿರುಳುಗಳನ್ನು ಕಳೆದು ಗಂಗೆಯನ್ನು ಸೇರುವ ಆಯಾಸವೂ ಪುಣ್ಯದ ಒಂದು ಭಾಗವೆಂದೇ ಹಿರಿಯರು ಎಣಿಸಿದ್ದರು. ಈಗ ಕಾಲವು ಬೇರೆಯಾಗಿದೆ. ನಮ್ಮ ಮಕ್ಕಳು ದೆಹಲಿಯಲ್ಲಿಯೂ ಕಲ್ಕತ್ತೆಯಲ್ಲಿಯೂ ಅಸ್ಸಾಮಿನಲ್ಲಿಯೂ ಉದ್ಯೋಗಸ್ಥರಾಗಿ ನೆಲೆಸಿದ್ದಾರೆ. ಹೆರಿಗೆ, ನಾಮಕರಣ, ಗೃಹಪ್ರವೇಶ ಎಂದು ಹೆತ್ತವರು ಅವರಲ್ಲಿಗೆ ಹೋಗಬೇಕಾದ ಸಂದರ್ಭಗಳು ಒದಗುತ್ತವೆ. ಅಷ್ಟು ದೂರವು ಒಂದೇ ವಿಮಾನದಲ್ಲಿ ಮುಗಿಯದಿದ್ದರೆ ನಡುವೆ ಇಳಿದು ಮತ್ತೊಂದನ್ನು ಏರಬೇಕಾಗುತ್ತದೆ. ಆಗ ಮಕ್ಕಳು, "ಬಿಸಿನೆಸ್ ಕ್ಲಾಸಿನಲ್ಲಿಯೇ ಬನ್ನಿ, ಖರ್ಚಿನ ಯೋಚನೆ ಬೇಡ" ಎಂದು ಬರೆಯುತ್ತಾರೆ. ಖರ್ಚಿನ ಯೋಚನೆಯನ್ನು ಬಿಟ್ಟ ಗೃಹಸ್ಥನು ಗೃಹಸ್ಥನೇ ಅಲ್ಲ. ಆದುದರಿಂದ ಆ ಮೇಲುದರ್ಜೆಯಲ್ಲಿ ಏನು ದೊರೆಯುತ್ತದೆ, ಏನು ದೊರೆಯದು, ಯಾರಿಗೆ ಅದು ತಕ್ಕದ್ದು ಎಂಬುದನ್ನು ಅನುಭವಕ್ಕೆ ಬಂದಮಟ್ಟಿಗೆ ವಾಚಕರ ಮುಂದಿಡುತ್ತೇನೆ.

ನಮ್ಮ ಸೀಮೆಗೂ ಆಕಾಶಮಾರ್ಗಕ್ಕೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ೧೯೩೨ನೆಯ ಇಸವಿ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಗೆ ಅಂಚೆಯನ್ನು ಪುಟ್ಟ ವಿಮಾನವೊಂದರಲ್ಲಿ ತಂದರು. ಅಲ್ಲಿಂದ ಅವರ ಜೊತೆಗಾರರಾದ ನೆವಿಲ್ ವಿನ್ಸೆಂಟ್ ಅವರು ಅದನ್ನು ಬಳ್ಳಾರಿಯ ಮೇಲೆ ಮದರಾಸಿಗೆ ಮುಟ್ಟಿಸಿದರು. ಜಗಳೂರಿಗೆ ನೆರೆಯೆನ್ನಬಹುದಾದ ಬಳ್ಳಾರಿಯು ಹೀಗೆ ಟಾಟಾ ಸಂಸ್ಥೆಯ ಮೊತ್ತಮೊದಲಿನ ವಿಮಾನಮಾರ್ಗದಲ್ಲಿಯೇ ಒಂದು ತಂಗುದಾಣವಾಗಿತ್ತು. ಆ ದಿನದ ಯಾನವು ಒಬ್ಬ ಚಾಲಕನಿಂದ ಇನ್ನೊಬ್ಬನಿಗೆ ಕೈ ಬದಲಾದ ಜೋಡಣೆಯ ಯಾನವೇ ಆಗಿತ್ತೆಂಬುದು ನಮ್ಮ ಈ ವಿಷಯಕ್ಕೆ ಒಪ್ಪುವ ಸಂಗತಿ. ಅಂಚೆಯ ಚೀಲಕ್ಕೆ ಮೊಣಕಾಲಿಲ್ಲ; ಆದುದರಿಂದ ಅದು ದರ್ಜೆಯನ್ನು ಕೇಳಲಿಲ್ಲ.

ಮನುಷ್ಯರ ಸರದಿ ನಮ್ಮ ಭಾಗಕ್ಕೆ ಬರಲು ಬಹಳ ವರ್ಷಗಳು ಹಿಡಿದುವು. ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ ಕಟ್ಟಿದ ರಾಷ್ಟ್ರಕವಿ ಕುವೆಂಪು ವಿಮಾನನಿಲ್ದಾಣವು ೨೦೨೩ನೆಯ ಇಸವಿ ಫೆಬ್ರವರಿ ೨೭ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ ೩೧ರಂದು ಬೆಂಗಳೂರಿನಿಂದ ಇಂಡಿಗೋ ಸಂಸ್ಥೆಯ ಮೊದಲ ವಿಮಾನವು ಅಲ್ಲಿ ಇಳಿಯಿತು. ಕಮಲದ ಆಕಾರದ ಆ ಕಟ್ಟಡವನ್ನು ನೋಡುವುದಕ್ಕೆಂದೇ ಹೊನ್ನಾಳಿ, ನ್ಯಾಮತಿಗಳ ಕಡೆಯಿಂದ ಜನರು ಮಕ್ಕಳುಮರಿಗಳೊಡನೆ ಹೋಗಿಬಂದರು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬೇರ್ಪಟ್ಟುವು. ನ್ಯಾಮತಿಯು ಇತ್ತೀಚೆಗೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಕಂದಾಯದ ಲೆಕ್ಕದಲ್ಲಿ ಬೇರೆಯಾದರೂ ಆಕಾಶವನ್ನು ಏರುವುದಕ್ಕೆ ನಮ್ಮವರು ಹಳೆಯ ಜಿಲ್ಲೆಯ ಬಾಗಿಲಿಗೇ ಹೋಗಬೇಕಾಗಿದೆ. ನ್ಯಾಮತಿಯವರಿಗೆ ಸೋಗಾನೆಯು ಸುಮಾರು ಒಂದು ಗಂಟೆಯ ಮೋಟಾರು ದಾರಿ. ಹೊನ್ನಾಳಿಯವರಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು. ಚನ್ನಗಿರಿಯವರು ಭದ್ರಾವತಿಯ ಮೇಲೆ ಬರಬಹುದು. ಜಗಳೂರಿನವರಿಗೆ ಮಾತ್ರ ಇದು ಅನುಕೂಲವಲ್ಲ. ಅವರು ದಾವಣಗೆರೆಗೆ ಬಂದು ರೈಲಿನಲ್ಲಿ ಬೆಂಗಳೂರನ್ನು ಸೇರುವುದೇ ಲೇಸು. ೨೦೨೩ರ ಜೂನ್‌ನಿಂದ ಧಾರವಾಡ–ಬೆಂಗಳೂರು ನಡುವಣ ವಂದೇ ಭಾರತ್ ಗಾಡಿಯು ದಾವಣಗೆರೆಯಲ್ಲಿ ನಿಲ್ಲುತ್ತಿದೆ.

ಇನ್ನು ಈ 'ಬಿಸಿನೆಸ್ ಕ್ಲಾಸ್' ಎಂಬ ಹೆಸರಿನ ವಿಚಾರ. ೧೯೭೦ರ ದಶಕದ ಕೊನೆಗೆ ಪರದೇಶದ ವಿಮಾನಸಂಸ್ಥೆಗಳು ಕಚೇರಿಯ ಕೆಲಸಕ್ಕಾಗಿ ಪೂರ್ಣ ದರವನ್ನು ಕೊಟ್ಟು ತಿರುಗುವವರನ್ನು ಅಗ್ಗದ ದರದ ಪ್ರವಾಸಿಗಳಿಂದ ಬೇರೆಮಾಡಿ ಕೂರಿಸತೊಡಗಿದುವು. ಹಾಗೆ ಹುಟ್ಟಿದ ಹೆಸರು ಇದು. ವ್ಯಾಪಾರಕ್ಕೂ ಇದಕ್ಕೂ ಈಗ ಹೆಚ್ಚಿನ ಸಂಬಂಧವಿಲ್ಲ. ಪುಷ್ಪಕವಿಮಾನದಲ್ಲಿ ಎಷ್ಟು ಜನರು ಕುಳಿತರೂ ಇನ್ನೊಬ್ಬನಿಗೆ ಸ್ಥಳವಿರುತ್ತಿತ್ತೆಂದು ಪೌರಾಣಿಕರು ಹೇಳುವುದನ್ನು ನಾವು ಕೇಳಿದ್ದೇವೆ. ವಾನರರೂ ವಿಭೀಷಣನೂ ಒಟ್ಟಿಗೆ ಕುಳಿತು ಅಯೋಧ್ಯೆಗೆ ಬಂದರೇ ಹೊರತು ಅವರ ನಡುವೆ ಪರದೆಯನ್ನು ಎಳೆದ ಪ್ರಸ್ತಾಪವಿಲ್ಲ. ಈಗಿನ ವಿಮಾನದಲ್ಲಿ ಆ ಪರದೆಯುಂಟು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು ೨೦೦೩ರಲ್ಲಿ ಏರ್ ಡೆಕ್ಕನ್ ಸಂಸ್ಥೆಯನ್ನು ನಡೆಸತೊಡಗಿದಾಗ ಆ ಪರದೆಯನ್ನು ತೆಗೆದುಹಾಕಿ, ಬಡವನೂ ಹಾರಬೇಕೆಂದು ಎಲ್ಲರಿಗೂ ಒಂದೇ ಬಗೆಯ ಆಸನವನ್ನಿಟ್ಟರು. ಆ ಸಂಸ್ಥೆಯು ಬಹುಕಾಲ ಬಾಳಲಿಲ್ಲವಾದರೂ ಒಂದೇ ದರ್ಜೆಯ ವಿಮಾನಗಳ ಪದ್ಧತಿಯು ನಮ್ಮ ದೇಶದಲ್ಲಿ ಬೇರುಬಿಟ್ಟಿತು.

ಇದರ ಫಲವನ್ನು ನಮ್ಮ ಕಡೆಯವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಬೆಂಗಳೂರು–ಶಿವಮೊಗ್ಗಗಳ ನಡುವೆ ಇಂಡಿಗೋ ಹಾರಿಸುವುದು ಎ.ಟಿ.ಆರ್. ಎಂಬ ರೆಕ್ಕೆಚಕ್ರಗಳ ಸಣ್ಣ ವಿಮಾನ. ಅದರಲ್ಲಿರುವ ೭೮ ಆಸನಗಳೂ ಒಂದೇ ದರ್ಜೆಯವು. ಎಷ್ಟು ಹಣವನ್ನು ಮುಂದೆ ಮಾಡಿದರೂ ಅಲ್ಲಿ ಮೇಲುದರ್ಜೆ ಇಲ್ಲ. ಕರ್ನಾಟಕದ ಸಣ್ಣ ಊರುಗಳನ್ನು ಜೋಡಿಸುವ ಸ್ಟಾರ್ ಏರ್ ಸಂಸ್ಥೆಯ ಎಂಬ್ರೇಯರ್ ೧೭೫ ವಿಮಾನಗಳಲ್ಲಿ ೧೨ ಮೇಲುದರ್ಜೆಯ ಆಸನಗಳುಂಟು. ಆದರೆ ಯಾವ ಊರಿಗೆ ಯಾವ ದಿನ ಯಾವ ವಿಮಾನವೆಂಬುದು ಋತುವಿಗೊಮ್ಮೆ ಬದಲಾಗುವುದರಿಂದ ವಿಚಾರಿಸದೆ ನಂಬತಕ್ಕದ್ದಲ್ಲ. ಏರ್ ಇಂಡಿಯಾ ಸಂಸ್ಥೆಯು ದೊಡ್ಡ ಊರುಗಳ ನಡುವೆ ಮೇಲುದರ್ಜೆಯನ್ನು ಇಟ್ಟಿದೆ. ಇಂಡಿಗೋ ಸಂಸ್ಥೆಯೂ ೨೦೨೪ರ ನವೆಂಬರಿನಲ್ಲಿ ದೆಹಲಿ–ಮುಂಬಯಿ ಮಾರ್ಗದಿಂದ ಮೊದಲುಮಾಡಿ 'ಸ್ಟ್ರೆಚ್' ಎಂಬ ಹೆಸರಿನ ಅಗಲವಾದ ಆಸನಗಳನ್ನು ಇಡತೊಡಗಿತು. ಎಂದರೆ ಮೇಲುದರ್ಜೆಯೆಂಬುದು ಇಡೀ ಪ್ರಯಾಣಕ್ಕೆ ಹೊದಿಸಿದ ಹೊದಿಕೆಯಲ್ಲ. ಪ್ರಯಾಣದ ಒಂದೊಂದು ತುಂಡಿಗೆ ಬೇರೆಬೇರೆಯಾಗಿ ಇರುವಂಥದು. ಟಿಕೆಟನ್ನು ಕೊಳ್ಳುವಾಗ ಪ್ರತಿಯೊಂದು ತುಂಡಿನ ವಿಮಾನ ಯಾವುದು, ಅದರಲ್ಲಿ ಎಂಥ ಆಸನ ಎಂದು ಕೇಳಿಯೇ ತೀರಬೇಕು.

ನಮ್ಮ ಮನೆಯಲ್ಲಿ ಈ ಪ್ರಶ್ನೆಯು ಎದ್ದದ್ದು ೨೦೨೫ರ ಜನವರಿಯಲ್ಲಿ. ನಮ್ಮ ಮಗಳು ಗುವಾಹಾಟಿಯಲ್ಲಿದ್ದಾಳೆ. ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ನಮ್ಮ ಕಡೆಯ ಪದ್ಧತಿ. ಆದರೆ ಆಕೆಗೆ ರಕ್ತದೊತ್ತಡ ಹೆಚ್ಚಿದ್ದುದರಿಂದ ಪ್ರಯಾಣ ಕೂಡದೆಂದು ಅಲ್ಲಿಯ ವೈದ್ಯರು ಅಪ್ಪಣೆಮಾಡಿದರು. ಮಗಳು ತವರಿಗೆ ಬಾರದಿದ್ದರೆ ತವರೇ ಮಗಳಲ್ಲಿಗೆ ಹೋಗಬೇಕಷ್ಟೆ. ನಮ್ಮ ಮನೆಯವರಿಗಾದರೋ ಎರಡೂ ಮೊಣಕಾಲುಗಳ ಕೀಲು ಸವೆದಿವೆ. ಕಾಲನ್ನು ಮಡಿಸಿ ಒಂದು ಗಂಟೆ ಕುಳಿತರೆ ಏಳುವಾಗ ಗೋಡೆ ಬೇಕು. ಬೆಂಗಳೂರಿನಿಂದ ಗುವಾಹಾಟಿಗೆ ಮೂರು ಗಂಟೆಗಳ ಆಸುಪಾಸಿನಲ್ಲಿ ಸೇರುವ ನೇರ ವಿಮಾನಗಳುಂಟು. ನಮಗೆ ಬೇಕಾದ ದಿನಗಳಲ್ಲಿ ಅವು ತುಂಬಿಹೋಗಿದ್ದುವು. ಉಳಿದದ್ದು ದೆಹಲಿಯ ಮೇಲಿನ ಸುತ್ತುದಾರಿ: ಬೆಂಗಳೂರಿನಿಂದ ದೆಹಲಿಗೆ ಎರಡೂಮುಕ್ಕಾಲು ಗಂಟೆ, ಅಲ್ಲಿ ಎರಡು ಗಂಟೆ ಕಾಯುವುದು, ಅಲ್ಲಿಂದ ಗುವಾಹಾಟಿಗೆ ಮತ್ತೆ ಎರಡೂವರೆ ಗಂಟೆ.

ಮೇಲುದರ್ಜೆಯ ದರವು ಸಾಮಾನ್ಯ ದರದ ಮೂರೂವರೆ ಪಟ್ಟಾಗಿತ್ತು. ನಾನು ಮೂವತ್ತು ವರ್ಷಗಳಿಗೂ ಮಿಗಿಲಾಗಿ ಹುಡುಗರಿಗೆ ಸಂಸ್ಕೃತವನ್ನು ಹೇಳಿಕೊಟ್ಟು ನಿವೃತ್ತನಾದವನು. ಇಬ್ಬರಿಗೂ ಮೇಲುದರ್ಜೆಯೆಂದರೆ ನಮ್ಮ ಕೈಗೆ ಎಟುಕುವ ಮಾತಲ್ಲ. ಅಳಿಯಂದಿರ ಹಣದಿಂದ ಹೋಗುವುದು ನಮ್ಮಿಬ್ಬರಿಗೂ ಒಪ್ಪಿಗೆಯಾಗಲಿಲ್ಲ. ಲೆಕ್ಕಹಾಕಿ ನೋಡಿ, ಆಕೆಗೆ ಮಾತ್ರ ಮೇಲುದರ್ಜೆ, ನನಗೆ ಸಾಮಾನ್ಯ ದರ್ಜೆ ಎಂದು ಗೊತ್ತುಮಾಡಿದೆ. ಪಕ್ಕದ ಮನೆಯವರು ಸುದ್ದಿಯನ್ನು ಕೇಳಿ, "ಮೇಷ್ಟ್ರೇ, ಅಷ್ಟು ದುಡ್ಡಿಗೆ ಹಾಲು ಕರೆಯುವ ಎಮ್ಮೆಯೇ ಬರುತ್ತಿತ್ತಲ್ಲ!" ಎಂದರು. ಮನೆಯವರ ಆಕ್ಷೇಪಣೆ ಬೇರೆಯಾಗಿತ್ತು. "ಏನ್ರೀ, ನಾನು ಮುಂದೆ ಕೂತು ನೀವು ಹಿಂದೆ ಕೂರೋದೇ? ನೋಡಿದೋರು ಏನಂದಾರು?" ಎಂದಳು. "ನೋವು ನಿನ್ನ ಮೊಣಕಾಲಿನದು; ನೋಡಿದವರದಲ್ಲ. ಮಗುವನ್ನು ಎರೆದು ತೊಟ್ಟಿಲಿಗೆ ಹಾಕಬೇಕಾದವಳು ನೀನು. ಹೋದ ದಿನವೇ ನೀನು ಮಲಗಿದರೆ ಬಾಣಂತಿಯನ್ನು ನೋಡುವವರಾರು?" ಎಂದೆ. ಆಗ ಒಪ್ಪಿದಳು.

ಬಾಣಂತನದ ಸಾಮಾನೆಂದರೆ ಸಣ್ಣ ಗಂಟಲ್ಲ. ಅಂಟು, ಉತ್ತತ್ತಿ, ಒಣಶುಂಠಿ, ಓಮ, ಅಳವಿ, ಬೆಲ್ಲ, ಹಳೆಯ ಮೆತ್ತನೆಯ ಹತ್ತಿಯ ಸೀರೆಗಳು, ಕುಲಾವಿ, ಕುಂಚಿಗೆ, ಅಜ್ಜಿಯ ಕಾಲದ ಒಂದು ಕೌದಿ—ಎಲ್ಲವೂ ಸೇರಿ ಎರಡು ಪೆಟ್ಟಿಗೆಗಳಾದುವು. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯ ದರ್ಜೆಯವನಿಗೆ ಬಹುಮಟ್ಟಿಗೆ ೧೫ ಕಿಲೋ ಸಾಮಾನಿಗೆ ಅವಕಾಶ. ಮೇಲುದರ್ಜೆಗೆ ಟಿಕೆಟಿನ ಬಗೆಯನ್ನು ನೋಡಿ ಅದಕ್ಕಿಂತ ಹೆಚ್ಚು, ಕೆಲವೆಡೆ ಎರಡರಷ್ಟಕ್ಕೂ ಮಿಗಿಲು. ಆದರೆ ಸೋಗಾನೆಯಿಂದ ಬೆಂಗಳೂರಿಗೆ ನಮ್ಮದು ಬೇರೆ ಸಂಸ್ಥೆಯ ಬೇರೆ ಟಿಕೆಟು. ದೆಹಲಿಯ ವಿಮಾನದಲ್ಲಿ ಆಕೆಗೆ ದೊರೆಯುವ ಹೆಚ್ಚಿನ ತೂಕವು ಸೋಗಾನೆಯ ತಕ್ಕಡಿಯಲ್ಲಿ ಲೆಕ್ಕಕ್ಕೆ ಬಾರದು. ಅತಿ ಚಿಕ್ಕ ವಿಮಾನದ ನಿಯಮವೇ ಇಡೀ ಯಾತ್ರೆಯ ಗಂಟನ್ನು ಅಳೆಯುತ್ತದೆ. ಆದುದರಿಂದ ದೊಡ್ಡ ಪೆಟ್ಟಿಗೆಯನ್ನು ತಮ್ಮನ ಮಗನ ಕೈಯಲ್ಲಿ ಎರಡು ದಿನ ಮೊದಲೇ ಶಿವಮೊಗ್ಗದಿಂದ ರೈಲಿನಲ್ಲಿ ಬೆಂಗಳೂರಿಗೆ ಕಳಿಸಿದೆವು.

ಇಲ್ಲಿ ಗೃಹಿಣಿಯರಿಗೆ ಒಂದು ಮಾತು. ಒಣಕೊಬ್ಬರಿಯನ್ನು ವಿಮಾನದಲ್ಲಿ ಒಯ್ಯಗೊಡುವುದಿಲ್ಲ. ಅದರ ಎಣ್ಣೆಯಂಶವು ಬೆಂಕಿಗೆ ಬೇಗ ಸಿಲುಕುವುದೆಂಬುದೇ ಕಾರಣ. ಇಡೀ ತೆಂಗಿನಕಾಯಿಗೂ ಕೈಚೀಲದಲ್ಲಿ ತಡೆಯುಂಟು; ಶಬರಿಮಲೆಯ ಯಾತ್ರಿಕರಿಗೆಂದು ೨೦೨೪ರ ಅಕ್ಟೋಬರಿನಿಂದ ೨೦೨೫ರ ಜನವರಿ ೨೦ರ ವರೆಗೆ ಸರ್ಕಾರವು ಅದನ್ನು ಸಡಿಲಿಸಿತ್ತು. ಅಂಟಿನುಂಡೆಯ ಕೊಬ್ಬರಿಯನ್ನು ಗುವಾಹಾಟಿಯಲ್ಲಿಯೇ ಕೊಂಡರಾಯಿತೆಂದು ಮನೆಯಲ್ಲಿಯೇ ಬಿಟ್ಟೆವು. ಅಸ್ಸಾಮಿನವರು ಬಿಹು ಹಬ್ಬಕ್ಕೆ ತೆಂಗಿನಕಾಯಿಯ ಉಂಡೆಯನ್ನೇ ಕಟ್ಟುವವರು. ಅಲ್ಲಿ ತೆಂಗಿಗೆ ಬರವಿಲ್ಲ.

ಸೋಗಾನೆಯಿಂದ ಬೆಂಗಳೂರಿಗೆ ಹಾರುವುದು ಒಂದು ಗಂಟೆಯ ಮಾತು. ಎ.ಟಿ.ಆರ್. ವಿಮಾನವನ್ನು ನೆಲದ ಮೇಲಿನಿಂದ, ಹಿಂಭಾಗದ ಬಾಗಿಲಿನಿಂದ ಏರಬೇಕು. ಆ ಮೆಟ್ಟಿಲುಗಳೇ ನಮ್ಮ ಮನೆಯವರಿಗೆ ಆ ದಿನದ ಪರೀಕ್ಷೆಯಾಗಿದ್ದುವು. ಮಳೆಗಾಲದ ಮೋಡಕ್ಕೂ ಚಳಿಗಾಲದ ಮಂಜಿಗೂ ಸಣ್ಣ ನಿಲ್ದಾಣಗಳು ಬೇಗ ಸೋಲುತ್ತವೆ. ಆದುದರಿಂದ ಬೇರೆ ಟಿಕೆಟಿನವರು ಅದೇ ದಿನದ ಮುಂದಿನ ವಿಮಾನವನ್ನು ನಂಬಿಕೊಂಡು ಹೊರಡಬಾರದು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ, ಟಿಕೆಟುಗಳು ಬೇರೆಬೇರೆಯಾಗಿರುವಲ್ಲಿ ಎರಡನೆಯ ಸಂಸ್ಥೆಯು ಹೊಣೆಯಾಗುವುದಿಲ್ಲ. ಮೇಲುದರ್ಜೆಯ ಹಣವೆಲ್ಲ ನೀರಿನಲ್ಲಿ ಹೋಮಮಾಡಿದಂತಾಗುತ್ತದೆ. ನಾವು ಹಿಂದಿನ ದಿನವೇ ಹೋಗಿ ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದು, ಮರುದಿನ ಮುಂಜಾನೆ ನಿಲ್ದಾಣಕ್ಕೆ ಹೋದೆವು. ಅದೇ ದಿನ ಮುಂದುವರಿಯುವವರು ಕೆಂಪೇಗೌಡ ನಿಲ್ದಾಣದಲ್ಲಿ ಎರಡು ಕಟ್ಟಡಗಳಿರುವುದನ್ನು ಮರೆಯಬಾರದು. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಏರಬೇಕಾದರೆ ಹೊರಗೆ ಬಂದು ಮತ್ತೆ ತಪಾಸಣೆಗೆ ನಿಲ್ಲಬೇಕಾಗುತ್ತದೆ.

ಬೆಂಗಳೂರಿನಿಂದ ದೆಹಲಿಗೆ ಹೋದ ವಿಮಾನದ ಮುಂಭಾಗದ ಸಂಗತಿಯನ್ನು ನಾನು ಕಣ್ಣಾರೆ ಕಾಣಲಿಲ್ಲ, ಪರದೆಯ ಹಿಂದಿನವನು. ಹತ್ತುವಾಗ ಕಂಡದ್ದನ್ನೂ ಮನೆಯವರು ಹೇಳಿದ್ದನ್ನೂ ಸೇರಿಸಿ ಬರೆಯುತ್ತೇನೆ. ನಮ್ಮ ದೇಶದೊಳಗಿನ ಸಾಮಾನ್ಯ ಗಾತ್ರದ ವಿಮಾನಗಳಲ್ಲಿ ಮೇಲುದರ್ಜೆಯೆಂದರೆ ಮುಂದಿನ ಎರಡು ಮೂರು ಸಾಲುಗಳು, ಎಂಟು ಹನ್ನೆರಡು ಆಸನಗಳು. ಒಂದು ಪಕ್ಕದಲ್ಲಿ ಮೂವರ ಬದಲು ಇಬ್ಬರೇ ಕೂರುತ್ತಾರೆ; ನಡುವಣ ಆಸನವೆಂಬ ಇಕ್ಕಟ್ಟಿಲ್ಲ. ಹಿಂದೆ ಸಾಲಿನಿಂದ ಸಾಲಿಗೆ ೨೮ರಿಂದ ೩೦ ಅಂಗುಲವಿದ್ದರೆ ಮುಂದೆ ೪೦ ಅಂಗುಲದ ಆಸುಪಾಸು. ಆ ಹತ್ತು ಅಂಗುಲವೇ ಮೊಣಕಾಲಿನವರು ಕೊಳ್ಳುವ ಮುಖ್ಯ ಪದಾರ್ಥ. ಮೊದಲು ಹತ್ತಿಸುತ್ತಾರೆ, ಮೊದಲು ಇಳಿಸುತ್ತಾರೆ. ಕುಳಿತ ಕೂಡಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಅಂಗವಸ್ತ್ರದಂಥ ತುಂಡನ್ನೂ ನಿಂಬೆಯ ಪಾನಕವನ್ನೂ ಕೊಟ್ಟರಂತೆ. ಊಟವು ಪಿಂಗಾಣಿಯ ತಟ್ಟೆಯಲ್ಲಿ ಬರುತ್ತದೆ. ಸಸ್ಯಾಹಾರವನ್ನು ಮೊದಲೇ ಹೇಳಿಡುವುದು ಕ್ಷೇಮ. ಬೆಳ್ಳುಳ್ಳಿ ಈರುಳ್ಳಿ ಬೇಡವೆನ್ನುವವರು ಜೈನರ ಊಟವೆಂದು ಬರೆಸಬಹುದು. ಮದ್ಯವನ್ನು ದೇಶದೊಳಗಿನ ವಿಮಾನಗಳಲ್ಲಿ ಯಾವ ದರ್ಜೆಯಲ್ಲಿಯೂ ಕೊಡುವುದಿಲ್ಲವಾದುದರಿಂದ ಪಕ್ಕದಲ್ಲಿ ಎಂಥವರು ಕೂರುವರೋ ಎಂಬ ಅಂಜಿಕೆ ಬೇಡ.

ಆದರೆ ಆಸನವು ಹಾಸಿಗೆಯಾಗುತ್ತದೆಂದು ಯಾರೂ ಎಣಿಸಬಾರದು. ಜಾಹೀರಾತಿನ ಚಿತ್ರಗಳಲ್ಲಿ ಕಾಣುವ, ಪೂರ್ತಿ ಚಾಚಿ ಮಲಗುವ ಮಂಚದಂಥ ಆಸನಗಳು ಸಮುದ್ರವನ್ನು ದಾಟುವ ದೊಡ್ಡ ವಿಮಾನಗಳವು. ಏರ್ ಇಂಡಿಯಾ ಸಂಸ್ಥೆಯು ೨೦೨೪ರ ಜನವರಿ ೨೨ರಿಂದ ತನ್ನ ಹೊಸ ಏರ್‌ಬಸ್ ಎ-೩೫೦ ವಿಮಾನವನ್ನು ಮೊದಲು ದೇಶದೊಳಗೇ ಹಾರಿಸಿದಾಗ ಕೆಲವರಿಗೆ ಆ ಸೌಖ್ಯವು ದೊರೆಯಿತು. ದೊಡ್ಡ ಊರುಗಳ ನಡುವೆ ಆಗೊಮ್ಮೆ ಈಗೊಮ್ಮೆ ಅಂಥ ವಿಮಾನ ಬರುವುದುಂಟು. ಅದು ದೊರೆತರೆ ಅದೃಷ್ಟ. ಅದನ್ನೇ ನೆಚ್ಚಿ ಹಣವನ್ನು ತೆರಬಾರದು. ಸಾಮಾನ್ಯ ಗಾತ್ರದ ವಿಮಾನದಲ್ಲಿ ಬೆನ್ನು ಸ್ವಲ್ಪ ಹಿಂದಕ್ಕೆ ಬಾಗುತ್ತದೆ, ಕಾಲು ಚಾಚುತ್ತದೆ, ಅಷ್ಟೆ.

ದೆಹಲಿಯಲ್ಲಿ ಇಳಿದಾಗ ಊರೆಲ್ಲ ಮಂಜಿನಲ್ಲಿ ಮುಳುಗಿತ್ತು. ಪುಷ್ಯಮಾಸದ ದೆಹಲಿಯಲ್ಲಿ ಇದು ವರ್ಷವರ್ಷವೂ ಇರುವುದೇ. ಗುವಾಹಾಟಿಯ ವಿಮಾನವು ನಾಲ್ಕು ಗಂಟೆ ತಡವೆಂದು ಹಲಗೆಯಲ್ಲಿ ತೋರಿಸಿದರು. ನಮ್ಮ ಎರಡು ಗಂಟೆ ಆರಾಯಿತು. ಅಷ್ಟರಲ್ಲಿ ಅಳಿಯಂದಿರ ಫೋನು ಬಂದಿತು: ಮಗಳಿಗೆ ಬೆಳಗಿನಿಂದ ನೋವು ಕಾಣಿಸಿಕೊಂಡಿದೆ, ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇವೆ ಎಂದು. ಲೆಕ್ಕಕ್ಕಿಂತ ಹತ್ತು ದಿನ ಮೊದಲೇ ಬಂದ ನೋವು ಅದು. ಆಗ ಆ ನಿಲ್ದಾಣದಲ್ಲಿ ಕುಳಿತ ನಮ್ಮಿಬ್ಬರಿಗೂ ಮೇಲುದರ್ಜೆ ಕೆಳದರ್ಜೆಗಳೆಲ್ಲ ಒಂದೇ ಆದುವು. ಮಂಜಿಗೆ ಟಿಕೆಟನ್ನು ತೋರಿಸುವಂತಿಲ್ಲ.

ಮೇಲುದರ್ಜೆಯವರಿಗೆ ವಿಶ್ರಾಂತಿಗೃಹವುಂಟು, ಲೌಂಜ್ ಎನ್ನುತ್ತಾರೆ. ಮೆತ್ತನೆಯ ಕುರ್ಚಿಗಳು, ಶುಚಿಯಾದ ಕೈತೊಳೆಯುವ ಕೋಣೆ, ಬಿಸಿಬಿಸಿ ಉಪಾಹಾರ, ಸದ್ದಿಲ್ಲದ ನೆಮ್ಮದಿ—ಕಾಯುವ ಕಾಲಕ್ಕೆ ಅದು ನಿಜವಾಗಿಯೂ ದೊಡ್ಡ ಉಪಕಾರ. ಎಲ್ಲ ಸಂಸ್ಥೆಗಳ ಮೇಲುದರ್ಜೆಗೂ ಅದು ಸೇರಿರುತ್ತದೆಂದು ತಿಳಿಯದೆ ಮೊದಲೇ ಕೇಳಿಕೊಳ್ಳಬೇಕು. ಸಾಮಾನ್ಯ ದರ್ಜೆಯ ಗಂಡನನ್ನು ಮೇಲುದರ್ಜೆಯ ಹೆಂಡತಿಯೊಡನೆ ಅಲ್ಲಿಗೆ ಬಿಡುವುದಿಲ್ಲ. ನಾನು ಆಕೆಯನ್ನು ಬಾಗಿಲವರೆಗೆ ಕಳಿಸಿ, ಹೊರಗೆ ಕುರ್ಚಿಯೊಂದರಲ್ಲಿ ಕುಳಿತೆ. ಮುಕ್ಕಾಲು ಗಂಟೆಯಾಗಿರಬಹುದು, ಕೋಲನ್ನು ಊರಿಕೊಂಡು ಆಕೆಯೇ ಹೊರಗೆ ಬಂದಳು. "ಒಳಗೆ ಎಲ್ಲಾ ಚೆನ್ನಾಗೈತೆ ಕಣ್ರೀ. ಮುಖ ತೊಳಕೊಂಡೆ, ಕಾಲು ಚಾಚಿಕೊಂಡೆ. ಆದ್ರೆ ಅಲ್ಲಿ ಮಗಳ ವಿಚಾರ ಯಾರ ಹತ್ರ ಮಾತಾಡ್ಲಿ?" ಎಂದು ನನ್ನ ಪಕ್ಕದಲ್ಲಿ ಕುಳಿತಳು. ಉಳಿದ ಐದು ಗಂಟೆಗಳನ್ನು ಅಲ್ಲಿಯೇ ಕಳೆದೆವು. ಬುತ್ತಿಯಲ್ಲಿದ್ದ ಚಪಾತಿ, ಶೇಂಗಾಚಟ್ನಿಗಳನ್ನು ಬಿಚ್ಚಿ ತಿಂದೆವು. ಫೋನು ಬಂದಾಗಲೆಲ್ಲ ಇಬ್ಬರೂ ಒಟ್ಟಿಗೆ ಕಿವಿಗೊಟ್ಟೆವು.

ಗುವಾಹಾಟಿಯಲ್ಲಿ ಇ಼ಳಿದಾಗ ರಾತ್ರಿಯಾಗಿತ್ತು. ನೆಟ್ಟಗೆ ಆಸ್ಪತ್ರೆಗೇ ಹೋದೆವು. ಮಗು ನಾವು ಆಕಾಶದಲ್ಲಿದ್ದಾಗಲೇ ಹುಟ್ಟಿತ್ತು—ಹೆಣ್ಣು. ತಾಯಿಯೂ ಮಗುವೂ ಕ್ಷೇಮ. ನಮ್ಮ ಮನೆಯವರು ಕೋಲನ್ನು ಗೋಡೆಗೆ ಒರಗಿಸಿಟ್ಟು, ಯಾರ ಆಸರೆಯೂ ಇಲ್ಲದೆ ನಿಂತು, ಆ ರಾತ್ರಿಯೇ ಮಗುವನ್ನು ಎತ್ತಿಕೊಂಡಳು. ಅಷ್ಟು ದೂರ ಬಂದ ಮೇಲೂ ಆ ಕಾಲುಗಳು ನಿಂತುವೆಂಬುದೇ ಮೇಲುದರ್ಜೆಯ ಪಕ್ಷದಲ್ಲಿ ನಾನು ನುಡಿಯಬಹುದಾದ ಅತಿ ದೊಡ್ಡ ಸಾಕ್ಷ್ಯ. ಕೊಟ್ಟ ಹಣಕ್ಕೆ ಪಾನಕವಲ್ಲ, ಪಿಂಗಾಣಿಯ ತಟ್ಟೆಯಲ್ಲ, ಅದೇ ಪ್ರತಿಫಲ.

ಮೂರು ತಿಂಗಳ ಬಾಣಂತನವನ್ನು ಮುಗಿಸಿ ಹಿಂದಿರುಗುವಾಗ ನೇರ ವಿಮಾನದಲ್ಲಿ ಸ್ಥಳ ಸಿಕ್ಕಿತು. ಅದರಲ್ಲಿ ಸಾಮಾನ್ಯ ದರ್ಜೆಯೊಂದೇ. ಕಾಲಿಗೆ ಹೆಚ್ಚು ಸ್ಥಳವಿರುವ ಮೊದಲ ಸಾಲಿನ ಎರಡು ಆಸನಗಳನ್ನು ಸ್ವಲ್ಪ ಹೆಚ್ಚಿನ ಹಣ ಕೊಟ್ಟು ಕಾದಿರಿಸಿದೆವು. ನಡುದಾರಿಯ ಪಕ್ಕದ್ದು ಆಕೆಗೆ; ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದಳು, ನಡುನಡುವೆ ನೀರು ಕುಡಿದಳು. ಮೂರು ಗಂಟೆಗಳ ಸುಮಾರಿಗೆ ಬೆಂಗಳೂರು ಬಂದಿತು. ಇಬ್ಬರ ಖರ್ಚೂ ಸೇರಿ ಹೋಗುವಾಗ ಆಕೆಯೊಬ್ಬಳಿಗೆ ಕೊಟ್ಟದ್ದಕ್ಕಿಂತ ಕಡಿಮೆ. ಯಾವುದು ಹಿತವಾಯಿತೆಂದು ಕೇಳಿದೆ. "ಇದೇ" ಎಂದಳು. ಕಾರಣವನ್ನು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಇಷ್ಟರಿಂದ ನಾನು ಕಂಡುಕೊಂಡದ್ದು ಹೀಗಿದೆ. ನೇರ ವಿಮಾನವು ಸಿಕ್ಕುವಲ್ಲಿ, ಮೇಲುದರ್ಜೆಯ ಆಸೆಗಾಗಿ ಸುತ್ತುದಾರಿಯನ್ನು ಹಿಡಿಯತಕ್ಕದ್ದಲ್ಲ. ಏರುವುದು, ಇಳಿಯುವುದು, ಕಾಯುವುದು, ತಪಾಸಣೆಗೆ ನಿಲ್ಲುವುದು—ಮುದಿ ಮೈಯನ್ನು ದಣಿಸುವುದು ಹಾರುವುದಕ್ಕಿಂತ ಹೆಚ್ಚಾಗಿ ಇವೇ. ಸುತ್ತುದಾರಿಯು ತಪ್ಪದಿದ್ದಾಗ, ಮತ್ತು ದೇಹದಲ್ಲಿ ನಿಜವಾದ ಬಾಧೆ ಇದ್ದಾಗ, ಉದ್ದನೆಯ ತುಂಡುಗಳಿಗೆ ಮಾತ್ರ ಮೇಲುದರ್ಜೆಯನ್ನು ಕೊಳ್ಳುವುದು ದುಂದಲ್ಲ, ಔಷಧ. ಗಟ್ಟಿಮುಟ್ಟಾದವರು ಪ್ರತಿಷ್ಠೆಗಾಗಿ ಕೊಂಡರೆ ಅದು ಅವರವರ ಇಷ್ಟ. ದಂಪತಿಗಳಲ್ಲಿ ಒಬ್ಬರಿಗೆ ಮಾತ್ರ ಕೊಳ್ಳುವವರು, ಕಾಯುವ ಹೊತ್ತು ಇಬ್ಬರನ್ನೂ ಅಗಲಿಸುತ್ತದೆಂಬುದನ್ನು ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಬೇಕು. ಕೆಲವು ಬ್ಯಾಂಕುಗಳ ಕಾರ್ಡುಗಳಿಂದಲೂ ವಿಶ್ರಾಂತಿಗೃಹಕ್ಕೆ ಪ್ರವೇಶ ದೊರೆಯುವುದರಿಂದ ಹೊರಡುವ ಮುನ್ನ ವಿಚಾರಿಸಬಹುದು.

ಕಾನೂನಿನ ಎರಡು ಮೂರು ಸಂಗತಿಗಳೂ ಗೃಹಸ್ಥನಿಗೆ ಗೊತ್ತಿರಬೇಕು. ೨೦೨೫ರ ಸೆಪ್ಟೆಂಬರ್ ೨೨ರಿಂದ ಮೇಲುದರ್ಜೆಯ ಟಿಕೆಟಿಗೆ ಜಿ.ಎಸ್.ಟಿ. ತೆರಿಗೆಯು ನೂರಕ್ಕೆ ೧೨ರಿಂದ ೧೮ಕ್ಕೆ ಏರಿದೆ. ಸಾಮಾನ್ಯ ದರ್ಜೆಗೆ ನೂರಕ್ಕೆ ೫ರಷ್ಟೇ ಉಳಿದಿದೆ. ಮೇಲುದರ್ಜೆಗೆ ಹಣ ಕೊಟ್ಟವನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಕೆಳದರ್ಜೆಯಲ್ಲಿ ಕೂರಿಸಿದರೆ, ದೇಶದೊಳಗಿನ ಪ್ರಯಾಣದಲ್ಲಿ ತೆರಿಗೆಯೂ ಸೇರಿದಂತೆ ಟಿಕೆಟಿನ ಬೆಲೆಯಲ್ಲಿ ನೂರಕ್ಕೆ ೭೫ನ್ನು ಹಿಂದಿರುಗಿಸಬೇಕೆಂದು ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವು ೨೦೨೩ರ ಫೆಬ್ರವರಿಯಿಂದ ನಿಯಮಮಾಡಿದೆ. ತಡವು ಆರು ಗಂಟೆಗಳನ್ನು ಮೀರುವುದಾದರೆ ಬೇರೆ ವಿಮಾನವನ್ನೋ ಪೂರ್ತಿ ಹಣವನ್ನೋ ಕೇಳುವ ಹಕ್ಕುಂಟು. ಜೋಡಣೆಯ ವಿಮಾನಗಳೆಲ್ಲವೂ ಒಂದೇ ಟಿಕೆಟಿನಲ್ಲಿರಲಿ. ಆಗ ಒಂದು ತಡವಾಗಿ ಇನ್ನೊಂದು ತಪ್ಪಿದರೂ ಮುಂದಕ್ಕೆ ಕಳಿಸುವ ಹೊಣೆ ಸಂಸ್ಥೆಯದು, ಸಾಮಾನೂ ಕೊನೆಯ ಊರಿನವರೆಗೆ ತಾನಾಗಿ ಹೋಗುತ್ತದೆ.

ಎಲ್ಲಕ್ಕಿಂತ ಮಿಗಿಲಾದದ್ದು ಗಾಲಿಕುರ್ಚಿಯ ಸಂಗತಿ. ನಡೆಯಲಾರದವರಿಗೆ ನಿಲ್ದಾಣದ ಬಾಗಿಲಿನಿಂದ ಆಸನದವರೆಗೆ ಕರೆದೊಯ್ಯುವ ಈ ಸಹಾಯವು ಯಾವ ದರ್ಜೆಯ ಟಿಕೆಟಿನವರಿಗೂ ಉಂಟು. ಹೊರಡುವುದಕ್ಕೆ ೪೮ ಗಂಟೆಗಳ ಮೊದಲೇ ತಿಳಿಸಿರಬೇಕು. ೨೦೧೦ರಲ್ಲಿ ತೆರೆದ ದೆಹಲಿಯ ಮೂರನೆಯ ನಿಲ್ದಾಣಗೃಹದಂಥ ಕಡೆ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುವುದೆಂದರೆ ನಮ್ಮ ಹೊನ್ನಾಳಿಯ ಸಂತೆಯನ್ನು ಎರಡು ಸುತ್ತು ಬಂದಂತೆಯೇ ಸರಿ. ಹಣವುಳ್ಳವರು ಮೇಲುದರ್ಜೆಯನ್ನು ಕೊಂಡು ಈ ಕುರ್ಚಿಯನ್ನು ಕೇಳಲು ನಾಚುವುದನ್ನು ನಾನು ನೋಡಿದ್ದೇನೆ. ನಮ್ಮ ಮನೆಯವರೂ ಮೊದಲು ನಾಚಿದಳು. ಆ ಕುರ್ಚಿಯನ್ನು ತಳ್ಳಿದ ಹುಡುಗನು, "ಬನ್ನಿ ಅಮ್ಮಾ" ಎಂದು ಹಿಂದಿಯಲ್ಲಿ ಕರೆದು ಕೂರಿಸಿದ ಮೇಲೆ ಆ ನಾಚಿಕೆ ಹೋಯಿತು.

ಚನ್ನಗಿರಿಯ ತೋಟದವರಾಗಲಿ, ಜಗಳೂರಿನ ಬೆದ್ದಲು ಹೊಲದವರಾಗಲಿ, ದೂರದ ಮಕ್ಕಳು "ಮೇಲುದರ್ಜೆಯಲ್ಲಿ ಬನ್ನಿ" ಎಂದು ಬರೆದಾಗ ಬೇಡವೆಂದು ಒಮ್ಮೆಲೇ ತಳ್ಳಿಹಾಕುವುದೂ ಬೇಡ, ಹಿಗ್ಗಿ ಒಪ್ಪುವುದೂ ಬೇಡ. ಎಷ್ಟು ತುಂಡು, ಯಾವ ವಿಮಾನ, ಎಷ್ಟು ಹೊತ್ತು ಕಾಯುವುದು, ಯಾರ ಮೈಗೆ ಏನು ಬಾಧೆ—ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮಕ್ಕಳೊಡನೆ ಕುಳಿತು ಲೆಕ್ಕಹಾಕಲಿ. ಉಳಿದ ಹಣಕ್ಕೆ ಮೊಮ್ಮಗುವಿನ ಕಾಲಿಗೆ ಒಂದು ಜೊತೆ ಗೆಜ್ಜೆಯಾದರೂ ಬರುತ್ತದೆ.